ಒಂದೇ ವಯಸ್ಸಿನ ಎರಡು ಗೋಡೆಗಳು

2022ರ ಸೆಪ್ಟೆಂಬರ್ ತಿಂಗಳ ಮೊದಲ ದಿನಗಳಲ್ಲಿ ಹಿರಿಯೂರಿನಿಂದ ಮಾರಿಕಣಿವೆಗೆ ಹೋಗುವ ರಸ್ತೆಯಲ್ಲಿ ಜಾತ್ರೆಯೇ ನೆರೆದಿತ್ತು. ವಾಣಿವಿಲಾಸ ಸಾಗರ ಕೋಡಿ ಬಿದ್ದಿತ್ತು. ಅದಕ್ಕೆ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ ಕಳೆದಿದ್ದವು. ಅಜ್ಜಂದಿರು ಹೇಳುತ್ತಿದ್ದ ಕಥೆಯನ್ನು ಮೊಮ್ಮಕ್ಕಳು ಕಣ್ಣಾರೆ ಕಾಣುವ ಭಾಗ್ಯ ಬಂದಿತ್ತು. 2025ರಲ್ಲಿ ಮತ್ತೆ ಕೋಡಿ ಬಿದ್ದಿತು.

ಕೋಡಿಯ ನೀರನ್ನು ಎಲ್ಲರೂ ನೋಡಿದರು. ನೀರನ್ನು ತಡೆದು ನಿಂತ ಗೋಡೆಯನ್ನು ಗಮನಿಸಿದವರು ಕಡಿಮೆ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಕಲ್ಲಿನ ಕಟ್ಟಡ ಅದು. 2022ರಲ್ಲಿ ಅದರ ವಯಸ್ಸು 115. ಅದರ ಹಿಂದೆ 30 ಟಿಎಂಸಿ ನೀರು ನಿಲ್ಲಬಲ್ಲದು. 130 ಅಡಿ ನೀರು ನಿಂತಾಗ ತಳದ ಪ್ರತಿ ಚದರ ಮೀಟರಿನ ಮೇಲೆ ಬೀಳುವ ಒತ್ತಡ ಸುಮಾರು 40 ಟನ್ನು. ಗೋಡೆ ಅದನ್ನು ತನ್ನ ಭಾರದಿಂದಲೇ ತಡೆದುಕೊಳ್ಳುತ್ತದೆ. ಅದರ ಕೆಳಗಿನ ವೇದಾವತಿ ಕಣಿವೆಯಲ್ಲಿ ಊರುಗಳಿವೆ, ತೆಂಗಿನ ತೋಟಗಳಿವೆ, ಹಿರಿಯೂರು ಪಟ್ಟಣವೇ ಇದೆ. ಅಷ್ಟೂ ಜನ ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಾರೆ.

ಇನ್ನು ಪಟ್ಟಣದ ಪೇಟೆ ಬೀದಿಗೆ ಬರೋಣ. ಅಣೆಕಟ್ಟು ಕಟ್ಟುತ್ತಿದ್ದ ಕಾಲದಲ್ಲೇ ಎದ್ದ ಮನೆಗಳು, ಅಂಗಡಿಗಳು, ಛತ್ರಗಳು ನಮ್ಮ ಸೀಮೆಯ ಯಾವ ಹಳೆಯ ಪೇಟೆಯಲ್ಲೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಅವುಗಳ ಗೋಡೆಯೂ ಕಲ್ಲು, ಇಟ್ಟಿಗೆ ಮತ್ತು ಗಾರೆಯದೇ. ಅವುಗಳ ಬಗ್ಗೆ ಕೇಳಿದರೆ ಬರುವ ಉತ್ತರ ಒಂದೇ: ‘ನೂರು ವರ್ಷದ ಕಟ್ಟಡ, ಶಿಥಿಲವಾಗಿದೆ, ಕೆಡವಲೇಬೇಕು.’

ಒಂದೇ ವಯಸ್ಸಿನ ಎರಡು ಗೋಡೆಗಳು. ಒಂದನ್ನು ಹೆಮ್ಮೆಯಿಂದ ನೋಡಲು ಹೋಗುತ್ತೇವೆ, ಇನ್ನೊಂದರ ಕೆಳಗೆ ನಿಲ್ಲಲು ಹೆದರುತ್ತೇವೆ. ವಯಸ್ಸೇ ಕಾರಣವಾಗಿದ್ದರೆ ಎರಡಕ್ಕೂ ಒಂದೇ ಗತಿ ಬರಬೇಕಿತ್ತಲ್ಲವೇ?

<b>ಊರಿನ ನಡು ಹುಟ್ಟಿದ ಬಗೆ</b>

ಯಾವ ಹಳೆಯ ಊರಿನ ನಡುಭಾಗವೂ ಒಂದೇ ದಿನ ನಕ್ಷೆ ಬರೆದು ಮಾಡಿದ್ದಲ್ಲ. ನೀರು, ದೇವರು, ಸಂತೆ, ದಾರಿ ಈ ನಾಲ್ಕು ಕೂಡಿದಲ್ಲಿ ಪೇಟೆ ಬೆಳೆಯುತ್ತದೆ. ಹಿರಿಯೂರಿನಲ್ಲಿ ವೇದಾವತಿ ನದಿಯಿದೆ, ತೇರುಮಲ್ಲೇಶ್ವರನ ಗುಡಿಯಿದೆ. ಗುಡಿಯ ಮಂಟಪದ ಛಾವಣಿಯ ಒಳಮೈಯಲ್ಲಿ ಪುರಾಣಕಥೆಗಳ ವರ್ಣಚಿತ್ರಗಳಿವೆ. ದೇವರ ಹೆಸರಿನಲ್ಲೇ ತೇರು ಇದೆ. ತೇರು ಎಳೆಯುವ ಊರುಗಳಲ್ಲಿ ಬೀದಿಯ ಅಗಲವನ್ನು ಗೊತ್ತುಮಾಡುತ್ತಿದ್ದುದು ಬಂಡಿಯಲ್ಲ, ತೇರಿನ ಗಾಲಿ ಮತ್ತು ಅದನ್ನು ಎಳೆಯುವ ಜನ.

ಚಿತ್ರದುರ್ಗದಲ್ಲಿ ಇದೇ ಪಾಠ ಇನ್ನೂ ದೊಡ್ಡ ಅಕ್ಷರಗಳಲ್ಲಿದೆ. ಕೋಟೆ ಬೆಟ್ಟದ ಮೇಲಿದೆ, ದೊಡ್ಡಪೇಟೆ ಚಿಕ್ಕಪೇಟೆಗಳು ಕೆಳಗಿವೆ. ಹೊರಗೋಡೆಯ ರಂಗಯ್ಯನ ಬಾಗಿಲು ಇಂದಿಗೂ ಊರ ನಡುವೆ ನಿಂತಿದೆ. ಮಳೆ ಚೆನ್ನಾಗಿ ಬಂದ ವರ್ಷ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿಯರ ಹೊಂಡಕ್ಕೆ ಹರಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಪೇಟೆಯ ಸಂತೆಹೊಂಡಕ್ಕೆ ನೀರು ಇಳಿಯುತ್ತದೆ. ಕೋಟೆ ಕಟ್ಟಿದವರು ಶತ್ರುವಿಗೆ ದಾರಿ ಮುಚ್ಚಿದರು, ನೀರಿಗೆ ದಾರಿ ಬಿಟ್ಟರು. ಕಟ್ಟಡ ಉಳಿಯುವುದಕ್ಕೂ ಬೀಳುವುದಕ್ಕೂ ನೀರೇ ಕಾರಣ ಎಂಬುದು ಅವರಿಗೆ ಗೊತ್ತಿತ್ತು. ಮುಂದಿನ ಮಾತಿಗೆ ಇದೇ ಬೀಗದ ಕೈ.

ಊರು ಬೆಳೆಯುವುದು ತಪ್ಪಲ್ಲ. ಬೆಂಗಳೂರು-ಪುಣೆ ಹೆದ್ದಾರಿ ಮತ್ತು ಬಳ್ಳಾರಿಯಿಂದ ಹುಳಿಯಾರಿನ ಕಡೆಗೆ ಸಾಗುವ ಹೆದ್ದಾರಿ ಹಿರಿಯೂರಿನಲ್ಲಿ ಕೂಡುತ್ತವೆ. ತುಮಕೂರು-ದಾವಣಗೆರೆ ಹೊಸ ರೈಲು ಮಾರ್ಗವನ್ನೂ ಹಿರಿಯೂರು, ಚಿತ್ರದುರ್ಗಗಳ ಮೂಲಕವೇ ಯೋಜಿಸಲಾಗಿದೆ. ದಾರಿಗಳು ಕೂಡುವಲ್ಲಿ ವ್ಯಾಪಾರ, ವ್ಯಾಪಾರ ಕೂಡುವಲ್ಲಿ ಜನ. ಜನ ಹೆಚ್ಚಿದಂತೆ ಪೇಟೆಯ ಬೀದಿ ಕಿರಿದಾಗಿ ಕಾಣುತ್ತದೆ. ಆಗ ಗೋಡೆಗಳ ಮೇಲೆ ಕೆಂಪು ಬಣ್ಣದ ಗುರುತು ಬೀಳುತ್ತದೆ. ಇಲ್ಲಿಂದ ಇಷ್ಟು ಅಡಿ ಒಡೆಯಬೇಕು ಎಂಬ ಗುರುತು. ಆ ಗೆರೆಯ ಒಳಗೆ ಬಿದ್ದದ್ದು ಏನು ಎಂದು ಓದಿ ನೋಡುವ ಅಭ್ಯಾಸ ನಮಗಿನ್ನೂ ಬಂದಿಲ್ಲ.

<b>ಸುಣ್ಣದ ಗುಣ</b>

ಪೋರಬಂದರಿನ ಕಾರ್ಖಾನೆಯಲ್ಲಿ 1914ರಲ್ಲಿ ಸಿಮೆಂಟು ತಯಾರಾಗುವವರೆಗೆ ನಮ್ಮ ದೇಶದಲ್ಲಿ ಸಿಮೆಂಟು ಎಂಬುದು ಬಹುಪಾಲು ಹಡಗಿನಲ್ಲಿ ಬರುತ್ತಿದ್ದ ದುಬಾರಿ ವಸ್ತು. ಊರಿನ ಕೆಲಸವೆಲ್ಲ ನಡೆಯುತ್ತಿದ್ದುದು ಸುಣ್ಣದಿಂದ.

ಹತ್ತನೇ ತರಗತಿಯ ವಿದ್ಯಾರ್ಥಿಗೆ ಇದರ ರಸಾಯನಶಾಸ್ತ್ರ ಗೊತ್ತಿರುತ್ತದೆ, ಆದರೆ ಅದು ತನ್ನ ಅಜ್ಜನ ಮನೆಯ ಗೋಡೆಯಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಸುಣ್ಣದ ಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ನೂರು ಕಿಲೋ ಕಲ್ಲು 56 ಕಿಲೋ ಸುಟ್ಟ ಸುಣ್ಣವಾಗುತ್ತದೆ. ಉಳಿದ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕುದಿದು ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳು ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದರೆ ಗಾರೆ ಸಿದ್ಧ. ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಮರಳಿ ಹೀರುತ್ತ ಹೀರುತ್ತ ಮತ್ತೆ ಕಲ್ಲಾಗುತ್ತದೆ. ಕಲ್ಲು ಪುಡಿಯಾಗಿ, ಊರಿಗೆ ಬಂದು, ಗೋಡೆಯಲ್ಲಿ ಮತ್ತೆ ಕಲ್ಲಾಗಿ ಕೂರುವ ಈ ಚಕ್ರ ಮುಗಿಯಲು ವರ್ಷಗಳೇ ಬೇಕು.

ನೀರಿನಲ್ಲಿ ನಿಲ್ಲುವ ಕೆಲಸಕ್ಕೆ ಬರಿಯ ಸುಣ್ಣ ಸಾಲದು. ಅದಕ್ಕೆ ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ ಬೆರೆಸುತ್ತಿದ್ದರು. ಬೆಂದ ಜೇಡಿಯಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾ ಸುಣ್ಣದೊಡನೆ ಕೂಡಿ ನೀರಿನೊಳಗೂ ಗಟ್ಟಿಯಾಗುತ್ತವೆ. ಆ ಕಾಲದ ಮೈಸೂರು ಸಂಸ್ಥಾನದ ಇಂಜಿನಿಯರುಗಳು ಇದನ್ನು ಬಲ್ಲವರಾಗಿದ್ದರು. ಮುಂದೆ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದೂ ಸುರ್ಕಿ ಗಾರೆಯಿಂದಲೇ. ರೋಮನರು ಇಟ್ಟಿಗೆ ಪುಡಿಯ ಬದಲು ಜ್ವಾಲಾಮುಖಿಯ ಬೂದಿ ಬೆರೆಸಿದರು. ರೋಮ್ ನಗರದ ಪ್ಯಾಂಥಿಯನ್ ಎಂಬ ಗುಮ್ಮಟದ ಕಟ್ಟಡ ಸುಮಾರು ಸಾವಿರದ ಒಂಬೈನೂರು ವರ್ಷಗಳಿಂದ ನಿಂತಿದೆ, ಜನ ಇಂದಿಗೂ ಅದರೊಳಗೆ ಓಡಾಡುತ್ತಾರೆ.

ಸುಣ್ಣದ ಗಾರೆ ಸಿಮೆಂಟಿನಷ್ಟು ಗಟ್ಟಿಯಲ್ಲ, ನಿಜ. ಆದರೆ ಅದು ಬಾಗುತ್ತದೆ, ಉಸಿರಾಡುತ್ತದೆ. ಗೋಡೆಯೊಳಗೆ ಸೇರಿದ ತೇವವನ್ನು ಹೊರಗೆ ಬಿಡುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೆ, ಕರಗಿದ ಸುಣ್ಣ ಆ ಬಿರುಕಿಗೇ ಹರಿದು ಅಲ್ಲೇ ಗಟ್ಟಿಯಾಗಿ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುವುದೂ ಉಂಟು.

<b>ಮಾಳಿಗೆಯ ಮೇಲಿನ ವಿಜ್ಞಾನ</b>

ನಮ್ಮದು ವರ್ಷಕ್ಕೆ 600 ಮಿಲಿಮೀಟರ್ ಮಳೆಯನ್ನೂ ಕಷ್ಟದಿಂದ ಕಾಣುವ ಬಯಲುಸೀಮೆ. ಅದಕ್ಕೆ ತಕ್ಕ ಮನೆ ಮಾಳಿಗೆ ಮನೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಕರ್ಲು ಮಣ್ಣು.

ಬೆಳೆ ಬಾರದ ಕರ್ಲು ಮಣ್ಣನ್ನು ಮಾಳಿಗೆಗೆ ಹಾಕುವುದೇಕೆ? ಈ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೆನೆದಾಗ ಅದರ ಜೇಡಿಯ ಕಣಗಳು ಉಬ್ಬಿ ಚದುರಿ ಸಂದುಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗಗೊಡದೆ ಬೆಳೆ ಕೆಡಿಸುವ ಗುಣವೇ ಮಾಳಿಗೆಯಲ್ಲಿ ಮನೆಯವರ ತಲೆ ಕಾಯುತ್ತದೆ. ಹೊಲಕ್ಕೆ ಶಾಪವಾದದ್ದನ್ನು ಮನೆಗೆ ವರ ಮಾಡಿಕೊಂಡ ಜಾಣತನ ಅದು. ಆ ಜಾಣತನಕ್ಕೆ ಪ್ರಯೋಗಾಲಯ ಬೇಕಾಗಲಿಲ್ಲ.

ಆದರೆ ಆ ಮಾಳಿಗೆಗೆ ಒಂದು ಕರಾರಿತ್ತು. ಪ್ರತಿ ವರ್ಷ ಮುಂಗಾರಿಗೆ ಮೊದಲು ಮನೆಯ ಗಂಡಸರು ಏಣಿ ಹಾಕಿ ಮೇಲೆ ಹತ್ತಬೇಕು. ಹುಲ್ಲು, ಕಳೆ ಕೀಳಬೇಕು. ಇಳಿಜಾರು ಸರಿಮಾಡಬೇಕು. ಹೊಸ ಕರ್ಲು ಹರಡಿ ತುಳಿಯಬೇಕು. ನೀರು ಹೊರಹೋಗುವ ದೋಣಿಯ ಬಾಯಿ ಬಿಡಿಸಬೇಕು. ಸುಣ್ಣ ಬಳಿಯುವುದು ಹಬ್ಬದ ಕೆಲಸ, ಕರ್ಲು ಹಾಕುವುದು ಮಳೆಯ ಮುಂಚಿನ ಕೆಲಸ. ಈ ಎರಡರಲ್ಲಿ ಮನೆಯ ಮೂಲೆ ಮೂಲೆಗೂ ವರ್ಷಕ್ಕೊಮ್ಮೆ ಯಾರದಾದರೂ ಕಣ್ಣು ಬೀಳುತ್ತಿತ್ತು.

ಈಗ ಅಣೆಕಟ್ಟಿನ ಕಡೆ ಮತ್ತೊಮ್ಮೆ ನೋಡಿ. 2021ರ ಅಣೆಕಟ್ಟು ಸುರಕ್ಷಾ ಕಾಯ್ದೆಯ ಪ್ರಕಾರ ದೊಡ್ಡ ಅಣೆಕಟ್ಟುಗಳನ್ನು ಮುಂಗಾರಿಗೆ ಮೊದಲು ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ತಪಾಸಣೆ ಮಾಡಲೇಬೇಕು. ಸಂಸತ್ತು ಕಾಯ್ದೆ ಮಾಡಿ ಹೇಳಿದ್ದನ್ನು ಮಾಳಿಗೆ ಮನೆಯ ಅಜ್ಜ ಏಣಿ ಹಿಡಿದು ಮಾಡುತ್ತಿದ್ದ.

ಎರಡು ಗೋಡೆಗಳ ನಡುವಿನ ವ್ಯತ್ಯಾಸ ಸಿಕ್ಕಿದ್ದು ಇಲ್ಲಿ. ಮನೆಗೂ ಅಣೆಕಟ್ಟಿಗೂ ಹೋಲಿಕೆ ಎಲ್ಲ ವಿಧದಲ್ಲೂ ಸರಿಯಲ್ಲ. ಅಣೆಕಟ್ಟು ಬಹಳ ದಪ್ಪ, ಅದರಲ್ಲಿ ಕೊಳೆಯುವ ಮರವಿಲ್ಲ, ಗೆದ್ದಲಿಗೆ ಅಲ್ಲಿ ಕೆಲಸವಿಲ್ಲ. ಆದರೆ ಮುಖ್ಯ ವ್ಯತ್ಯಾಸ ಬೇರೆಯೇ. ಒಂದಕ್ಕೆ ನೋಡಿಕೊಳ್ಳುವವರು ಉಳಿದರು, ಇನ್ನೊಂದಕ್ಕೆ ಉಳಿಯಲಿಲ್ಲ.

<b>ನೀರು ಬರುವ ದಾರಿಗಳು</b>

ಮನೆಯವರು ಬಡಾವಣೆಗೆ ಹೋದರು. ಏಣಿ ಅಟ್ಟ ಸೇರಿತು. ಆಮೇಲೆ ನಡೆಯುವುದು ಕ್ರಮವಾಗಿ ನಡೆಯುತ್ತದೆ.

ಮೊದಲು ದೋಣಿಯ ಬಾಯಿ ಕಟ್ಟುತ್ತದೆ. ಮಾಳಿಗೆಯ ಮೇಲೆ ನೀರು ನಿಂತು ತೊಲೆಯ ತುದಿಗೆ ಇಳಿಯುತ್ತದೆ. ತೊಲೆ ಗೋಡೆಯೊಳಗೆ ಹೊಕ್ಕ ಭಾಗವೇ ಮೊದಲು ಕೊಳೆಯುವುದು, ಏಕೆಂದರೆ ಅಲ್ಲಿ ಗಾಳಿಯಾಡದು. ನಡುಮನೆಯಲ್ಲಿ ನಿಂತು ನೋಡುವವರಿಗೆ ತೊಲೆ ಗಟ್ಟಿಯಾಗಿಯೇ ಕಾಣುತ್ತದೆ.

ಎರಡನೆಯದು ಹಕ್ಕಿಯ ಕೊಡುಗೆ. ಹಿಕ್ಕೆಯಲ್ಲಿ ಬಿದ್ದ ಅರಳಿ ಬೀಜ ತೇವದ ಸಂದಿನಲ್ಲಿ ಮೊಳೆಯುತ್ತದೆ. ಬೆರಳಿನಷ್ಟಿರುವಾಗ ಮಗುವೂ ಕಿತ್ತೆಸೆಯಬಹುದು. ತೋಳಿನಷ್ಟಾದ ಮೇಲೆ ಕಿತ್ತರೆ ಗೋಡೆಯೇ ಬರುತ್ತದೆ.

ಮೂರನೆಯದು ರಸ್ತೆಯಿಂದ ಬರುತ್ತದೆ. ಪ್ರತಿ ಸಲ ಡಾಂಬರು ಹಾಕುವಾಗ ಹಳೆಯದನ್ನು ಕೀಳದೆ ಅದರ ಮೇಲೆಯೇ ಹಾಕಿದರೆ ರಸ್ತೆ ಏರುತ್ತಾ ಹೋಗುತ್ತದೆ. ಜಗಲಿಗೆ ಮೂರು ಮೆಟ್ಟಿಲು ಹತ್ತಬೇಕಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿಯಬೇಕು. ಚರಂಡಿಯ ನೀರು ಅಡಿಪಾಯಕ್ಕೆ ಇಂಗುತ್ತದೆ. ಸೀಮೆಸುಣ್ಣದ ತುಂಡನ್ನು ಶಾಯಿಯಲ್ಲಿ ನಿಲ್ಲಿಸಿದರೆ ಶಾಯಿ ಮೇಲೇರುವಂತೆ, ಲೋಮನಾಳ ಕ್ರಿಯೆಯಿಂದ ತೇವ ಗೋಡೆಯನ್ನು ಏರುತ್ತದೆ. ಜೊತೆಗೆ ಉಪ್ಪನ್ನೂ ಒಯ್ಯುತ್ತದೆ. ನೀರು ಆರಿದ ಮೇಲೆ ಉಪ್ಪು ಹರಳುಗಟ್ಟಿ ಗಾರೆಯನ್ನು ಒಳಗಿನಿಂದಲೇ ಒಡೆಯುತ್ತದೆ.

ನಾಲ್ಕನೆಯದು ಒಳ್ಳೆಯ ಮನಸ್ಸಿನಿಂದ ಮಾಡುವ ತಪ್ಪು. ಗಾರೆ ಉದುರುತ್ತಿದೆಯೆಂದು ಮೇಲೆ ಸಿಮೆಂಟು ಮೆತ್ತಿಸುತ್ತಾರೆ. ಹೊರಗೆ ನೋಡಲು ಅಚ್ಚುಕಟ್ಟು. ಆದರೆ ಸಿಮೆಂಟು ತೇವವನ್ನು ಹೊರಬಿಡದು. ಬೇಸಿಗೆಯಲ್ಲಿ ರೇನ್‌ಕೋಟು ತೊಡಿಸಿ ಕೂರಿಸಿದ ಹಾಗೆ. ತೇವ ಒಳಗೇ ಕೂತು ಹಳೆಯ ಇಟ್ಟಿಗೆಯನ್ನು ತಿನ್ನುತ್ತದೆ. ಕೆಲ ವರ್ಷಗಳಲ್ಲಿ ಸಿಮೆಂಟಿನ ಹಾಳೆ ಇಟ್ಟಿಗೆಯ ಚೂರುಗಳೊಡನೆ ಕಳಚಿ ಬೀಳುತ್ತದೆ. ಆಗ ಎಲ್ಲರೂ ಹೇಳುವುದು, ‘ಹಳೆಯ ಗೋಡೆ, ಇನ್ನೇನು ತಾನೇ ಆದೀತು!’

ಈ ನಾಲ್ಕರಲ್ಲಿ ಯಾವುದೂ ವಯಸ್ಸಿನ ಕಾಯಿಲೆಯಲ್ಲ. ನಾಲ್ಕೂ ನೀರಿನವು, ನಾಲ್ಕನ್ನೂ ಆರಂಭದಲ್ಲಿ ಕಡಿಮೆ ಖರ್ಚಿನಲ್ಲಿ ತಡೆಯಬಹುದಿತ್ತು.

<b>ಮೈಸೂರಿನ ಎರಡು ಆಗಸ್ಟ್‌ಗಳು</b>

ಅಲಕ್ಷ್ಯಕ್ಕೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಮೈಸೂರಿನ ಉದಾಹರಣೆ ಕಣ್ಣ ಮುಂದಿದೆ. ಅರಮನೆಗೆ ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡ ಹತ್ತೊಂಬತ್ತನೆಯ ಶತಮಾನದ ಕೊನೆಯದು. ಕೆಳಗೆ ಸಾಲು ಅಂಗಡಿಗಳು, ಹಳೆಯ ಪುಸ್ತಕ ಹುಡುಕುವ ವಿದ್ಯಾರ್ಥಿಗಳಿಗೂ ಅದು ಪರಿಚಿತ ತಾಣ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಅದರ ಹತ್ತಿರದಲ್ಲೇ ಇರುವ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು.

ಎರಡೂ ಕುಸಿದದ್ದು ಮಳೆಗಾಲದ ಆಗಸ್ಟ್‌ನಲ್ಲಿ. ನೆನೆದ ಗೋಡೆಗೆ ಭಾರ ಹೆಚ್ಚು, ಬಲ ಕಡಿಮೆ. ಆಮೇಲೆ ಕೆಡವಿ ಹೊಸದಾಗಿ ಕಟ್ಟಬೇಕೆ, ಇದ್ದದ್ದನ್ನು ದುರಸ್ತಿ ಮಾಡಬೇಕೆ ಎಂಬ ವಾದ ವರ್ಷಗಟ್ಟಲೆ ನಡೆದು ನ್ಯಾಯಾಲಯವನ್ನೂ ಹತ್ತಿತು. ತಜ್ಞರಲ್ಲೇ ಎರಡು ಪಕ್ಷಗಳಾದವು. ವಾದ ನಡೆಯುತ್ತಿದ್ದಾಗಲೂ ಮಳೆ ಬರುತ್ತಲೇ ಇತ್ತು. ಅಂಗಡಿಯವರು ಕೆಳಗೆ ಕೂತು ವ್ಯಾಪಾರ ಮಾಡುತ್ತಲೇ ಇದ್ದರು.

ಆದ್ದರಿಂದ ‘ಹಳೆಯದನ್ನೆಲ್ಲ ಉಳಿಸಿ’ ಎಂದು ದೂರದಿಂದ ಕೂಗುವುದರಲ್ಲಿ ಅರ್ಥವಿಲ್ಲ. ಉಳಿಸುವುದೆಂದರೆ ಪ್ರತಿ ವರ್ಷ ನೋಡಿಕೊಳ್ಳುವುದು. ನೋಡಿಕೊಳ್ಳದೆ ಸುಮ್ಮನೆ ಬಿಟ್ಟು ಅದನ್ನೇ ಸಂರಕ್ಷಣೆ ಎಂದರೆ ಅದು ಅಪಾಯವನ್ನು ಮುಂದೂಡುವುದಷ್ಟೇ. ಜೀವಕ್ಕಿಂತ ಕಟ್ಟಡ ದೊಡ್ಡದಲ್ಲ.

<b>ಮನೆಯವರ ಮಾತು, ರಸ್ತೆಯ ಮಾತು</b>

ಹಳೆಯ ಮನೆ ಚೆಂದ ಎನ್ನುವುದು ಅದರಲ್ಲಿ ವಾಸಿಸದವರಿಗೆ ಸುಲಭ. ಪೇಟೆಯ ಮನೆಗಳ ಕಥೆ ಸಾಮಾನ್ಯವಾಗಿ ಒಂದೇ ತರಹದ್ದು. ಅಜ್ಜನಿಗೆ ನಾಲ್ಕು ಮಕ್ಕಳು, ನಾಲ್ಕು ಪಾಲು. ಪಡಸಾಲೆಯ ನಡುವೆ ಗೋಡೆ ಏಳುತ್ತದೆ. ಮುಂದಿನ ಕೋಣೆ ಅಂಗಡಿಗೆ ಬಾಡಿಗೆ, ಬಾಡಿಗೆ ಹಳೆಯ ಕಾಲದ್ದು. ಮಾಳಿಗೆ ಎಲ್ಲರದೂ, ಹಾಗಾಗಿ ಯಾರದೂ ಅಲ್ಲ. ದುರಸ್ತಿಗೆ ಒಬ್ಬ ಹಣ ಹಾಕಿದರೆ ಇನ್ನೊಬ್ಬ ಹಾಕುವುದಿಲ್ಲ. ಗಾರೆ ಕೆಲಸ ಬಲ್ಲ ಮೇಸ್ತ್ರಿಗಳು ಸಿಗುವುದೇ ಅಪರೂಪ. ಮಗಳ ಮದುವೆಯೋ ಮಗನ ಓದೋ ಎದುರಿಗೆ ನಿಂತಾಗ, ಆ ಜಾಗದಲ್ಲಿ ಮೂರಂತಸ್ತಿನ ಮಳಿಗೆ ಎದ್ದರೆ ಬರುವ ಬಾಡಿಗೆ ಕಣ್ಣಿಗೆ ಕಾಣುತ್ತದೆ. ಅವರನ್ನು ತಪ್ಪಿತಸ್ಥರೆನ್ನುವುದು ನ್ಯಾಯವಲ್ಲ.

ರಸ್ತೆಯ ಮಾತಿನಲ್ಲೂ ನ್ಯಾಯವಿದೆ. ಆಂಬುಲೆನ್ಸ್ ಹೋಗಬೇಕು, ಅಗ್ನಿಶಾಮಕದ ಬಂಡಿ ಒಳಗೆ ಬರಬೇಕು, ಶಾಲೆಯ ಮಕ್ಕಳು ಲಾರಿಗೆ ಸಿಗದೆ ನಡೆಯಬೇಕು. ಆದರೆ ಒಂದು ಲೆಕ್ಕ ಮರೆಯಬಾರದು. ಒಂದು ಕಾಲದಲ್ಲಿ ಬೆಂಗಳೂರು-ಪುಣೆಯ ಲಾರಿ, ಬಸ್ಸುಗಳೆಲ್ಲ ನಮ್ಮ ಊರುಗಳ ನಡುವೆಯೇ ಹಾಯುತ್ತಿದ್ದವು. ಚತುಷ್ಪಥ ಹೆದ್ದಾರಿ ಬಂದ ಮೇಲೆ ದೂರದ ಗಾಡಿಗಳಿಗೆ ಊರ ಹೊರಗೇ ದಾರಿಯಾಗಿದೆ. ಪೇಟೆಯಲ್ಲಿ ಉಳಿದಿರುವುದು ಬಹುಮಟ್ಟಿಗೆ ಪೇಟೆಯ ಕೆಲಸಕ್ಕೆ ಬಂದ ಗಾಡಿಗಳು. ಅವು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ನಿಲ್ಲುವ ಗಾಡಿಗಾಗಿ ರಸ್ತೆ ಅಗಲ ಮಾಡಿದರೆ, ಆ ಅಗಲದಲ್ಲೂ ಗಾಡಿ ನಿಲ್ಲುತ್ತದೆ. ನಿಲ್ದಾಣಕ್ಕೆ ಬೇರೆ ಜಾಗ, ಸಾಮಾನು ಇಳಿಸಲು ಗೊತ್ತಾದ ಹೊತ್ತು, ಕೆಲವು ಬೀದಿಗಳಿಗೆ ಏಕಮುಖ ಸಂಚಾರ ಇವನ್ನು ಮೊದಲು ಮಾಡಿ ನೋಡಬಹುದು. ಅಷ್ಟಕ್ಕೂ ಸಾಲದಿದ್ದರೆ ಅಗಲ ಮಾಡುವುದು ಇದ್ದೇ ಇದೆ. ಒಡೆಯುವ ಕೆಲಸ ನಾಳೆಯೂ ಮಾಡಬಹುದು, ಒಡೆದದ್ದನ್ನು ಕೂಡಿಸುವುದು ಮಾತ್ರ ಎಂದೂ ಆಗದು.

ಕಾನೂನು ಎಲ್ಲವನ್ನೂ ಕಾಯುವುದಿಲ್ಲ. ಚಿತ್ರದುರ್ಗದ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಇಂಥ ಸ್ಮಾರಕಗಳ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಕೋಟೆಯನ್ನು ಕಟ್ಟಿಸಿದ ಪಾಳೆಯಗಾರರ ಹೆಸರನ್ನು ಪಠ್ಯಪುಸ್ತಕ ಕಾಯುತ್ತದೆ. ಕೋಟೆಗೆ ಅಕ್ಕಿ, ಬಟ್ಟೆ, ಎಣ್ಣೆ ಒದಗಿಸಿದ ಪೇಟೆಯ ಮನೆಯನ್ನು ಕಾಯುವವರು ಅದರ ಒಡೆಯರು ಮತ್ತು ಆ ಊರಿನ ಜನ ಮಾತ್ರ.

<b>ಮೊದಲು ತಪಾಸಣೆ, ಆಮೇಲೆ ತೀರ್ಮಾನ</b>

ಬೆಂಗಳೂರಿನ ಅಠಾರ ಕಚೇರಿಯನ್ನು ನೋಡದ ವಿದ್ಯಾರ್ಥಿ ಕಡಿಮೆ. ವಿಧಾನಸೌಧದ ಎದುರಿನ ಕೆಂಪು ಕಟ್ಟಡ ಅದು, 1860ರ ದಶಕದ್ದು. 1980ರ ದಶಕದ ಆರಂಭದಲ್ಲಿ ಅದನ್ನು ಕೆಡವುವ ಪ್ರಸ್ತಾವ ಬಂದಿತ್ತು. ನಾಗರಿಕರು ವಿರೋಧಿಸಿದರು, ನ್ಯಾಯಾಲಯಕ್ಕೆ ಹೋದರು. ಕಟ್ಟಡ ಉಳಿಯಿತು. ಇಂದಿಗೂ ಅಲ್ಲಿ ಉಚ್ಚ ನ್ಯಾಯಾಲಯ ಕಲಾಪ ನಡೆಸುತ್ತಿದೆ. ಕಟ್ಟಡ ಉಳಿದದ್ದು ಪ್ರತಿಭಟನೆಯಿಂದ. ಬಾಳುತ್ತಿರುವುದು ಮಾತ್ರ ದಿನವೂ ಬಳಕೆಯಲ್ಲಿರುವುದರಿಂದ. ಬೀಗ ಹಾಕಿದ ಮನೆ ಬೇಗ ಹಾಳಾಗುತ್ತದೆ ಎಂಬುದು ನಮ್ಮ ಹಿರಿಯರಿಗೂ ಗೊತ್ತಿದ್ದ ಮಾತೇ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳಿಗೆ ದೊಡ್ಡ ಯೋಜನೆ ಬೇಕಿಲ್ಲ. ಪೇಟೆಯ ಹಳೆಯ ಕಟ್ಟಡಗಳ ಒಂದು ಪಟ್ಟಿ ಸಾಕು. ಪ್ರತಿಯೊಂದನ್ನೂ ಇಂಜಿನಿಯರೊಬ್ಬರು ಮಳೆಗಾಲಕ್ಕೆ ಮೊದಲು ನೋಡಿ ಮೂರು ಗುಂಪು ಮಾಡಲಿ: ಗಟ್ಟಿಯಾಗಿರುವವು, ದುರಸ್ತಿಯಿಂದ ಉಳಿಯುವವು, ಅಪಾಯದವು. ಮೂರನೆಯ ಗುಂಪಿನವನ್ನು ಒಡನೆ ತೆರವು ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಡವುವ ಮುನ್ನ ಅಳತೆ ತೆಗೆದು, ನಕ್ಷೆ ಬರೆದು, ಫೋಟೋ ತೆಗೆದಿಡಬೇಕು. ಎರಡನೆಯ ಗುಂಪಿನವರಿಗೆ ಕಂದಾಯದಲ್ಲಿ ರಿಯಾಯಿತಿಯೋ, ದುರಸ್ತಿಗೆ ಸಾಲವೋ ಸಿಗುವಂತಾದರೆ ಮನೆಯವರ ಹೊರೆ ಇಳಿಯುತ್ತದೆ. ಬೀದಿಯ ಕಡೆಯ ಮುಖವನ್ನು ಉಳಿಸಿ ಹಿಂದುಗಡೆ ಹೊಸದು ಕಟ್ಟುವುದೂ ಆಗದ ಕೆಲಸವಲ್ಲ. ಇಷ್ಟಕ್ಕೆಲ್ಲ ತೀರ್ಮಾನದ ಅಳತೆಗೋಲು ಬದಲಾಗಬೇಕು. ‘ಎಷ್ಟು ವರ್ಷದ್ದು?’ ಎಂಬ ಪ್ರಶ್ನೆಯನ್ನು ಬಿಟ್ಟು ‘ಕೊನೆಯ ಸಲ ಯಾವಾಗ ನೋಡಿದಿರಿ?’ ಎಂದು ಕೇಳಬೇಕು.

<b>ರಜೆಯಲ್ಲಿ ಮಾಡಬಹುದಾದ ಕೆಲಸ</b>

ವಿದ್ಯಾರ್ಥಿಗಳು ಈ ಪಾಠವನ್ನು ಪುಸ್ತಕವಿಲ್ಲದೆ ಓದಬಹುದು. ತಂದೆಯನ್ನೋ ತಾಯಿಯನ್ನೋ ಜೊತೆಗೆ ಕರೆದುಕೊಂಡು, ಮನೆಯವರ ಅಪ್ಪಣೆ ಪಡೆದು, ತಮ್ಮ ಊರಿನ ಒಂದು ಹಳೆಯ ಮನೆಯನ್ನು ನೋಡಲಿ. ಬಿರುಕು ಬಿಟ್ಟ ಮಾಳಿಗೆಯ ಮೇಲೆ ಹತ್ತುವುದಾಗಲಿ, ವಾಲಿದ ಗೋಡೆಯ ಬಳಿ ನಿಲ್ಲುವುದಾಗಲಿ ಬೇಡ.

ಮೊದಲು ರಸ್ತೆಯಿಂದ ಜಗಲಿಗೆ ಎಷ್ಟು ಮೆಟ್ಟಿಲು ಎಂದು ಎಣಿಸಲಿ. ಹಿರಿಯರ ಕಾಲದಲ್ಲಿ ಎಷ್ಟಿದ್ದವು ಎಂದು ಕೇಳಲಿ. ಎರಡರ ವ್ಯತ್ಯಾಸವೇ ರಸ್ತೆ ಏರಿದ ಎತ್ತರ. ಗೋಡೆಯಲ್ಲಿ ತೇವ ಎಷ್ಟು ಎತ್ತರಕ್ಕೆ ಏರಿದೆ ಎಂದು ಅಳೆದು ಬರೆದುಕೊಳ್ಳಲಿ.

ಕೆಳಗೆ ಉದುರಿದ ಗಾರೆಯ ಚೂರೊಂದರ ಮೇಲೆ ನಿಂಬೆರಸ ಬಿಟ್ಟು ನೋಡಲಿ. ನೊರೆಯೆದ್ದರೆ, ನೂರು ವರ್ಷದ ಹಿಂದೆ ಗೋಡೆ ಹೀರಿದ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿದೆ ಎಂದು ತಿಳಿಯಬಹುದು. ಗಾರೆಯಲ್ಲಿ ಕೆಂಪು ಕಣಗಳಿದ್ದರೆ ಅದು ಇಟ್ಟಿಗೆ ಪುಡಿ ಇರಬಹುದು.

ಬಿರುಕು ಕಂಡರೆ ಹೆದರುವ ಮೊದಲು ಅದು ಬೆಳೆಯುತ್ತಿದೆಯೇ ಎಂದು ತಿಳಿಯಬೇಕು. ಇಂಜಿನಿಯರುಗಳ ಹಳೆಯ ಉಪಾಯವೊಂದಿದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ಕಡೆ ಭದ್ರವಾಗಿ ಅಂಟಿಸಿ, ಮೇಲೆ ದಿನಾಂಕ ಬರೆಯುತ್ತಾರೆ. ತಿಂಗಳುಗಳ ಮೇಲೆಯೂ ಗಾಜು ಹಾಗೆಯೇ ಇದ್ದರೆ ಬಿರುಕು ಹಳೆಯದು, ನಿಂತುಹೋದದ್ದು. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ, ಕೂಡಲೇ ತಿಳಿದವರನ್ನು ಕರೆಸಬೇಕು. ಅಂಟಿಸುವ ಕೆಲಸವನ್ನು ದೊಡ್ಡವರು ಮಾಡಲಿ, ದಿನಾಂಕ ಬರೆದು ಗಮನಿಸುವ ಕೆಲಸ ಮಕ್ಕಳದಾಗಲಿ.

ಕೊನೆಯದಾಗಿ, ಆ ಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳಲಿ: ‘ಮಾಳಿಗೆಗೆ ಕೊನೆಯ ಸಲ ಕರ್ಲು ಹಾಕಿದ್ದು ಯಾವಾಗ, ತಾತ?’ ಉತ್ತರವನ್ನು ಅಳತೆಗಳ ಪಕ್ಕದಲ್ಲೇ ಬರೆದಿಡಲಿ. ಇಂಥ ಇಪ್ಪತ್ತು ಮನೆಗಳ ನೋಟುಪುಸ್ತಕ ಒಂದು ಶಾಲೆಯಲ್ಲಿ ಸಿದ್ಧವಾದರೆ, ಆ ಊರಿನ ಪೇಟೆಯ ಬಗ್ಗೆ ಬೇರೆಲ್ಲೂ ಸಿಗದ ದಾಖಲೆ ಅದಾಗುತ್ತದೆ. ಕೆಂಪು ಗುರುತು ಹಾಕಲು ಬರುವವರ ಮುಂದೆ ಇಡಲು ಕಣ್ಣೀರಿಗಿಂತ ಅಂಥ ಪುಸ್ತಕ ಹೆಚ್ಚು ಬಲವಾದದ್ದು.

ಮುಂದೆ ಯಾವಾಗಲಾದರೂ ಮಾರಿಕಣಿವೆ ಕೋಡಿ ಬೀಳುತ್ತದೆ. ಮತ್ತೆ ಜನಜಾತ್ರೆ ನೆರೆಯುತ್ತದೆ. ಆಗ ಮಕ್ಕಳು ನೀರನ್ನು ನೋಡಿದ ಮೇಲೆ ಗೋಡೆಯನ್ನೂ ಒಂದು ಗಳಿಗೆ ನೋಡಲಿ. ಮನೆಗೆ ಬಂದ ಮೇಲೆ, ಅಟ್ಟದಲ್ಲಿ ಏಣಿ ಇದೆಯೇ ಎಂದೂ ನೋಡಲಿ.